ಶಾಸ್ತ್ರಭಂಡಾರದ ಪಾಲಕರು ಮತ್ತು ಅವರ ವೃತ್ತಿ

ಜೈನ ಶಾಸ್ತ್ರಭಂಡಾರಗಳ ಚರಿತ್ರೆಯನ್ನು ಬರೆದ ವಿದ್ವಾಂಸರು ಗ್ರಂಥಕರ್ತೃಗಳನ್ನೂ, ಗ್ರಂಥಗಳನ್ನು ಬರೆಯಿಸಿ ದಾನವಿತ್ತ ಶ್ರಾವಕ ಶ್ರಾವಿಕೆಯರನ್ನೂ, ಅವನ್ನು ಸ್ವೀಕರಿಸಿದ ಮುನಿಗಳನ್ನೂ ಹೆಸರು ಹಿಡಿದು ಸ್ಮರಿಸಿದ್ದಾರೆ. ಪ್ರಶಸ್ತಿಗಳಲ್ಲಿ ದೊರೆಯುವ ಸಾಮಗ್ರಿಯೇ ಅಂಥದು. ಆದರೆ ಓಲೆಯ ಕಟ್ಟನ್ನು ಬಿಚ್ಚಿ, ಗರಿಗಳನ್ನು ಎಣಿಸಿ, ಓದಿ, ಪ್ರತಿ ಮಾಡಿ, ಮತ್ತೆ ಕಟ್ಟಿಟ್ಟವನ ಜೀವನೋಪಾಯ ಹೇಗೆ ನಡೆಯುತ್ತಿತ್ತೆಂಬುದು ವಿಶೇಷವಾಗಿ ಚರ್ಚಿತವಾಗಿಲ್ಲ. ಗ್ರಂಥಪಾಲಕರಿಗೆ ಉದ್ಯೋಗ ದೊರೆಯುವುದು ದುರ್ಲಭವೆಂಬ ಮಾತು ಪದೇ ಪದೇ ಕೇಳಿಬರುತ್ತಿರುವಾಗ, ಈ ವಿಷಯವನ್ನು ಇತಿಹಾಸದ ದೃಷ್ಟಿಯಿಂದ ಪರಿಶೀಲಿಸುವುದು ಅಪ್ರಸ್ತುತವಾಗಲಾರದು.

ಶಾಸ್ತ್ರದಾನವು ಚತುರ್ವಿಧ ದಾನಗಳಲ್ಲಿ ಒಂದು. ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿದಳೆಂಬ ಸಂಗತಿ ಎಲ್ಲರೂ ಬಲ್ಲದ್ದು. ಆ ಸಾವಿರ ಪ್ರತಿಗಳನ್ನು ಬರೆದ ಕೈಗಳು ಯಾರವೆಂದು ಕೇಳಿದವರು ವಿರಳ. ಮಹಾಬಂಧದ ಓಲೆಪ್ರತಿಯನ್ನು ಮಲ್ಲಿಕಬ್ಬೆಯು ಶ್ರೀಪಂಚಮೀ ನೋಂಪಿಯ ಉದ್ಯಾಪನೆಗಾಗಿ ಬರೆಯಿಸಿ ಮಾಘನಂದಿ ಮುನಿಗಳಿಗೆ ಅರ್ಪಿಸಿದಳೆಂದು ಅದರ ಪ್ರಶಸ್ತಿಯಿಂದ ತಿಳಿದುಬರುತ್ತದೆ. ಇಂಥ ನೋಂಪಿಗಳು ಧಾರ್ಮಿಕ ಕ್ರಿಯೆಗಳಾಗಿದ್ದಂತೆಯೇ ಲಿಪಿಕಾರರಿಗೆ ಅನ್ನದ ಮಾರ್ಗವೂ ಆಗಿದ್ದುವು. ಗ್ರಂಥದ ಕೊನೆಯಲ್ಲಿ ಬರುವ ಗ್ರಂಥಸಂಖ್ಯೆ, ಅಂದರೆ ಮೂವತ್ತೆರಡು ಅಕ್ಷರಗಳನ್ನು ಒಂದು ಶ್ಲೋಕವೆಂದು ಎಣಿಸಿದ ಪ್ರಮಾಣ, ಪಾಠದ ಪೂರ್ಣತೆಯನ್ನು ಪರೀಕ್ಷಿಸಲು ಮಾತ್ರವಲ್ಲದೆ ಲಿಪಿಕಾರನ ಕೂಲಿಯನ್ನು ಗೊತ್ತುಮಾಡಲೂ ಉಪಯೋಗವಾಗುತ್ತಿತ್ತು. ಧವಲೆಗೆ ಎಪ್ಪತ್ತೆರಡು ಸಾವಿರ, ಜಯಧವಲೆಗೆ ಅರುವತ್ತು ಸಾವಿರ ಎಂಬ ಎಣಿಕೆಯನ್ನು ಈ ಕಣ್ಣಿನಿಂದಲೂ ನೋಡಬಹುದು. ಒಬ್ಬ ಲಿಪಿಕಾರನ ಆಯುಷ್ಯದ ಬಹುಭಾಗ ಅದರಲ್ಲಿ ಅಡಗಿದೆ.

ಆಧುನಿಕ ಕಾಲದಲ್ಲಿ ಇದಕ್ಕೆ ಅತ್ಯಂತ ಸ್ಪಷ್ಟವಾದ ನಿದರ್ಶನ ಮೂಡಬಿದಿರೆಯ ಸಿದ್ಧಾಂತಗ್ರಂಥಗಳ ಪ್ರತಿಲೇಖನವೇ. ಧವಲಾದ ಮೊದಲ ಸಂಪುಟದ ಪ್ರಸ್ತಾವನೆಯಲ್ಲಿ ಡಾ. ಹೀರಾಲಾಲ ಜೈನರು ಈ ವೃತ್ತಾಂತವನ್ನು ವಿಸ್ತಾರವಾಗಿ ಕೊಟ್ಟಿದ್ದಾರೆ. ಮುಂಬಯಿಯ ಸೇಠ್ ಮಾಣಿಕಚಂದರು ಮತ್ತು ಸೊಲ್ಲಾಪುರದ ಸೇಠ್ ಹೀರಾಚಂದ ನೇಮಚಂದರು ಇದಕ್ಕೆ ಮುಂದಾದರು. 1896ರಲ್ಲಿ ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳಿಂದ ಕಾರ್ಯ ಆರಂಭವಾಯಿತು. ಅವರು ಕಾಲವಶರಾದ ಮೇಲೆ ಗಜಪತಿ ಉಪಾಧ್ಯಾಯರು ನಾಗರೀ ಪ್ರತಿಯನ್ನು ಮುಂದುವರಿಸಿದರು. ಕನ್ನಡ ಪ್ರತಿಯನ್ನು ದೇವರಾಜ ಸೆಟ್ಟಿ, ಶಾಂತಪ್ಪ ಉಪಾಧ್ಯಾಯ, ಬ್ರಹ್ಮಯ್ಯ ಇಂದ್ರ ಇವರು ಸಿದ್ಧಪಡಿಸಿದರು. ಮಹಾಧವಲೆಯ ಪ್ರತಿಯು ಮುಗಿದುದು 1922ರ ಸುಮಾರಿಗೆ. ಇಪ್ಪತ್ತಾರು ವರ್ಷಗಳ ಕಾಲ ಸಂಬಳವನ್ನು ಒದಗಿಸಿದವರಿದ್ದುದರಿಂದಲೇ ಈ ಕೆಲಸ ನಡೆಯಿತು. ಅದಕ್ಕೆ ಮುನ್ನ ಶತಮಾನಗಳ ಕಾಲ ಅದೇ ಓಲೆಗಳು ಅದೇ ಬಸದಿಯಲ್ಲಿದ್ದುವು. ದರ್ಶನಕ್ಕೆ ಬಂದ ಯಾತ್ರಿಕರು ಕೈಮುಗಿದು ಹೋಗುತ್ತಿದ್ದರು. ಭಕ್ತಿಗೆ ಕೊರತೆಯಿರಲಿಲ್ಲ. ಹಳಗನ್ನಡ ಲಿಪಿಯನ್ನೂ ಪ್ರಾಕೃತವನ್ನೂ ಬಲ್ಲವನೊಬ್ಬನನ್ನು ಅಲ್ಲಿ ಕೂರಿಸಿ ವರ್ಷಾನುಗಟ್ಟಲೆ ಪೋಷಿಸುವ ವ್ಯವಸ್ಥೆ ಇರಲಿಲ್ಲ.

ಗಜಪತಿ ಉಪಾಧ್ಯಾಯರು ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಪ್ತವಾಗಿ ಇನ್ನೊಂದು ಕನ್ನಡ ಪ್ರತಿಯನ್ನು ಮಾಡಿಕೊಂಡರೆಂಬ ಸಂಗತಿಯನ್ನೂ ಹೀರಾಲಾಲರು ಮರೆಮಾಚಿಲ್ಲ. ಆ ಪ್ರತಿಯನ್ನು ಮೊದಲು ಸೊಲ್ಲಾಪುರ, ಮುಂಬಯಿಗಳಲ್ಲಿ ಸ್ವೀಕರಿಸಲಿಲ್ಲ. ಕಡೆಗೆ ಸಹಾರನಪುರದ ಲಾಲಾ ಜಂಬೂಪ್ರಸಾದರು ಅದನ್ನು ತಮ್ಮ ಮಂದಿರದಲ್ಲಿರಿಸಿ, ವಿಜಯಚಂದ್ರಯ್ಯ ಮತ್ತು ಸೀತಾರಾಮ ಶಾಸ್ತ್ರಿಗಳಿಂದ ನಾಗರಿಗೆ ಇಳಿಸಿದರು. ಸೀತಾರಾಮ ಶಾಸ್ತ್ರಿಗಳು ತಮ್ಮಲ್ಲೊಂದು ಪ್ರತಿಯನ್ನು ಉಳಿಸಿಕೊಂಡು, ಅದರಿಂದ ಬೇರೆ ಬೇರೆ ಊರುಗಳಿಗೆ ಪ್ರತಿಗಳನ್ನು ಬರೆದುಕೊಟ್ಟರು. ಅಮರಾವತಿ, ಆರಾ, ಕಾರಂಜಾಗಳ ಪ್ರತಿಗಳು ಹೀಗೆ ಹರಡಿದವುಗಳೇ. ಅವುಗಳ ಆಧಾರದಿಂದಲೇ 1939ರಲ್ಲಿ ಧವಲಾದ ಮೊದಲ ಸಂಪುಟ ಅಚ್ಚಾಯಿತು. ಭಂಡಾರದ ಅಧಿಕಾರಿಗಳ ಅನುಮತಿಯಿಲ್ಲದೆ ಪ್ರತಿ ಮಾಡಿದ್ದನ್ನು ಸಮರ್ಥಿಸುವುದು ಸಾಧ್ಯವಿಲ್ಲ. ಆದರೆ ಈ ಪ್ರಕರಣವನ್ನು ಕೇವಲ ಶೀಲದ ಪ್ರಶ್ನೆಯಾಗಿ ನೋಡಿದರೆ ಅರ್ಧ ಸಂಗತಿ ಕಾಣದೆ ಹೋಗುತ್ತದೆ. ಪ್ರತಿ ಮುಗಿದೊಡನೆ ಪ್ರತಿಕಾರನ ಕೆಲಸವೂ ಮುಗಿಯುತ್ತಿತ್ತು. ಯಾವ ಗ್ರಂಥದಲ್ಲಿ ಆತ ಹತ್ತಾರು ವರ್ಷ ಕಣ್ಣು ಸವೆಸಿದನೋ ಆ ಗ್ರಂಥದ ಪಾಲಕನಾಗಿ ಆತನನ್ನು ಉಳಿಸಿಕೊಳ್ಳಬೇಕೆಂಬ ಯೋಚನೆ ಆ ಕಾಲದ ಏರ್ಪಾಡಿನಲ್ಲಿ ಕಾಣಿಸುವುದಿಲ್ಲ.

ಮುಂದೆ ಮೂಡಬಿದಿರೆಯ ಮೂಲ ಓಲೆಗಳೊಡನೆ ಪಾಠವನ್ನು ಹೋಲಿಸಲು ಅನುಮತಿ ದೊರೆತಾಗ, ಆ ಕಾರ್ಯವು ಅಲ್ಲಿಯೇ ಇದ್ದ ಪಂ. ಲೋಕನಾಥ ಶಾಸ್ತ್ರಿಗಳಿಂದ ನೆರವೇರಿತು. ಸ್ಥಳದಲ್ಲಿ ಲಿಪಿಜ್ಞನಿದ್ದರೆ ಎಷ್ಟು ಸುಲಭವಾಗಿ ಸಂಶಯಗಳು ಪರಿಹಾರವಾಗುತ್ತವೆಂಬುದಕ್ಕೆ ಇದು ಸಾಕ್ಷಿ.

ಭಂಡಾರದಲ್ಲಿ ಸ್ಥಿರವಾದ ಸ್ಥಾನವೊಂದು ಇದ್ದರೆ ಏನಾಗುತ್ತದೆಂಬುದಕ್ಕೆ ಪಂ. ಕೆ. ಭುಜಬಲಿ ಶಾಸ್ತ್ರಿಗಳ ಜೀವನವು ಉತ್ತಮ ಉದಾಹರಣೆ. ದಕ್ಷಿಣ ಕನ್ನಡದ ಈ ವಿದ್ವಾಂಸರಿಗೆ ಗ್ರಂಥಾಲಯಾಧ್ಯಕ್ಷ ಪದವಿ ದೊರೆತುದು ತೌಳವ ದೇಶದಲ್ಲಿ ಅಲ್ಲ, ದೂರದ ಬಿಹಾರದ ಆರಾ ನಗರದ ಜೈನ ಸಿದ್ಧಾಂತ ಭವನದಲ್ಲಿ. ಬಾಬು ದೇವಕುಮಾರರ ಔದಾರ್ಯದಿಂದ ಹುಟ್ಟಿದ ಆ ಸಂಸ್ಥೆಯಲ್ಲಿ ದಕ್ಷಿಣದ ಓಲೆಗಳೂ ಸಂಗ್ರಹವಾಗಿದ್ದುವು. ಅವುಗಳನ್ನು ಓದಬಲ್ಲ ಕನ್ನಡಿಗನು ಅಲ್ಲಿ ಬೇಕಾಗಿದ್ದನು. ಶಾಸ್ತ್ರಿಗಳು ಅಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿ, ಜೈನ ಸಿದ್ಧಾಂತ ಭಾಸ್ಕರದ ಸಂಪಾದಕವರ್ಗದಲ್ಲಿ ದುಡಿದು, 1942ರಲ್ಲಿ ಪ್ರಶಸ್ತಿಸಂಗ್ರಹವನ್ನು ಹೊರತಂದರು. ಅನಂತರ ಮೂಡಬಿದಿರೆ, ಕಾರ್ಕಳ, ಅಳಿಯೂರು ಮೊದಲಾದ ಕಡೆಗಳ ಭಂಡಾರಗಳನ್ನು ಶೋಧಿಸಿ ಅವರು ರಚಿಸಿದ ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿಯು 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠದಿಂದ ಪ್ರಕಟವಾಯಿತು. ತುಳುನಾಡಿನ ಓಲೆಗಳಿಗೆ ಸೂಚಿಯನ್ನು ಒದಗಿಸಿದ ಪಂಡಿತರು ಪಳಗಿದುದು ಬಿಹಾರದಲ್ಲಿ, ಸೂಚಿಯನ್ನು ಅಚ್ಚು ಹಾಕಿಸಿದುದು ಕಾಶಿ! ಕರ್ಣಾಟಕದ ಶ್ರಾವಕರು ಇದನ್ನು ಅಭಿಮಾನದಿಂದ ಹೇಳಿಕೊಳ್ಳುವುದುಂಟು. ಸ್ವಲ್ಪ ಸಂಕೋಚವೂ ಜೊತೆಗಿರುವುದು ಲೇಸು.

ರಾಜಾಶ್ರಯದಲ್ಲಿ ನಡೆದ ಸಂಸ್ಥೆಗಳಲ್ಲಿ ಪರಿಸ್ಥಿತಿ ಬೇರೆಯಾಗಿತ್ತು. 1891ರಲ್ಲಿ ಸ್ಥಾಪಿತವಾದ ಮೈಸೂರು ಓರಿಯಂಟಲ್ ಲೈಬ್ರರಿಯಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು, ತಂಜಾವೂರು ಪ್ರಾಂತದ ಪಂಡಿತರೊಬ್ಬರು ಒಪ್ಪಿಸಿದ ಗ್ರಂಥಲಿಪಿಯ ಓಲೆಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು 1905ರಲ್ಲಿ ಗುರುತಿಸಿ, 1909ರಲ್ಲಿ ಮೂಲವನ್ನು ಪ್ರಕಟಿಸಿದರು. ಅವರಿಗೆ ಆ ಲಿಪಿ ಬಾರದಿದ್ದರೆ ಆ ಕಟ್ಟಿಗೆ ಕಪಾಟಿನಲ್ಲೊಂದು ಸಂಖ್ಯೆ ಮಾತ್ರ ದೊರೆಯುತ್ತಿತ್ತು.

ಅನಂತರದ ದಶಕಗಳಲ್ಲಿ ಎಸ್. ಆರ್. ರಂಗನಾಥನ್ ಮೊದಲಾದವರ ಪರಿಶ್ರಮದಿಂದ ಗ್ರಂಥಾಲಯ ವಿಜ್ಞಾನವು ಒಂದು ಶಾಸ್ತ್ರವಾಗಿ ಬೆಳೆಯಿತು. ಕರ್ಣಾಟಕದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯೂ ಬಂದಿತು. ಪದವೀಧರರಿಗೆ ಇದರಿಂದ ಉಪಕಾರವಾಯಿತೆನ್ನುವುದರಲ್ಲಿ ಸಂದೇಹವಿಲ್ಲ. ಆದರೆ ಹಸ್ತಪ್ರತಿ ಭಂಡಾರಗಳ ಮಟ್ಟಿಗೆ ಇಲ್ಲಿ ಒಂದು ತೊಡಕು ಹುಟ್ಟಿಕೊಂಡಿತು. ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2018ರ ನಿಯಮಾವಳಿಯಂತೆ ಸಹಾಯಕ ಗ್ರಂಥಪಾಲಕನಾಗಲು ಗ್ರಂಥಾಲಯ ವಿಜ್ಞಾನದಲ್ಲಿ ಶೇಕಡಾ 55 ಅಂಕಗಳ ಸ್ನಾತಕೋತ್ತರ ಪದವಿ ಬೇಕು, ಪಿಎಚ್.ಡಿ. ಆಧಾರದ ವಿನಾಯಿತಿ ಇಲ್ಲದವರು ರಾಷ್ಟ್ರೀಯ ಅರ್ಹತಾ ಪರೀಕ್ಷೆಯನ್ನೂ ದಾಟಬೇಕು. ವಿಶ್ವವಿದ್ಯಾನಿಲಯದ ಗ್ರಂಥಪಾಲಕನಿಗೆ ವಿಧಿಸಿದ ಪಿಎಚ್.ಡಿ. ವಿಷಯಗಳಲ್ಲಿ ಹಸ್ತಪ್ರತಿ ಪಾಲನೆಯ ಹೆಸರೂ ಇದೆ. ಆದರೆ ಹಳೆಯ ಲಿಪಿಯೊಂದನ್ನಾದರೂ ಓದಬಲ್ಲವನಾಗಿರಬೇಕೆಂಬ ನಿಬಂಧನೆ ಎಲ್ಲಿಯೂ ಇಲ್ಲ. ಪಾಠಶಾಲೆಯಲ್ಲಿ ಕಲಿತು ಓಲೆಯನ್ನು ಓದಬಲ್ಲ ಪಂಡಿತನಲ್ಲಿ ಪದವಿಪತ್ರವಿಲ್ಲ. ಪದವಿಪತ್ರವುಳ್ಳ ತರುಣನಿಗೆ ಓಲೆ ಮೂಕವಸ್ತು. ಇಬ್ಬರೂ ಉದ್ಯೋಗವನ್ನು ಅರಸುತ್ತಿದ್ದಾರೆ, ಭಂಡಾರವು ಇಬ್ಬರನ್ನೂ ಒಟ್ಟುಗೂಡಿಸಿದವನನ್ನು ಅರಸುತ್ತಿದೆ.

2003ರಲ್ಲಿ ಕೇಂದ್ರ ಸರ್ಕಾರವು ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವನ್ನು ಆರಂಭಿಸಿತು. 2025ರ ಆಯವ್ಯಯದಲ್ಲಿ ಒಂದು ಕೋಟಿಗೂ ಮಿಕ್ಕಿದ ಹಸ್ತಪ್ರತಿಗಳನ್ನು ಗುರಿಯಾಗಿಟ್ಟುಕೊಂಡ ಜ್ಞಾನಭಾರತಂ ಯೋಜನೆ ಘೋಷಿತವಾಯಿತು. ಛಾಯಾಪ್ರತಿ ತೆಗೆಯುವವರಿಗೆ ಇದರಿಂದ ಕೆಲಸ ದೊರೆಯುವುದು ನಿಶ್ಚಯ. ಆದರೆ ಚಿತ್ರ ತೆಗೆದ ಮೇಲೆ ಅದಕ್ಕೆ ಹೆಸರು ಕೊಡಬೇಕಲ್ಲವೆ? ಒಂದೇ ಕಟ್ಟಿನಲ್ಲಿ ನಾಲ್ಕಾರು ಕೃತಿಗಳು ಸೇರಿರುವುದು ಸಾಮಾನ್ಯ. ಲಿಪಿ ಬಾರದವನು ಹಲಗೆಯ ಮೇಲೆ ಅಂಟಿಸಿದ ಚೀಟಿಯ ಹೆಸರನ್ನೇ ನಮೂದಿಸುತ್ತಾನೆ. ಉಳಿದ ಕೃತಿಗಳು ಯಂತ್ರದೊಳಗೂ ಅಜ್ಞಾತವಾಗಿಯೇ ಇರುತ್ತವೆ. ನಡುವೆ ಬೇರೊಂದು ಗ್ರಂಥದ ಗರಿಗಳು ಸೇರಿಕೊಂಡಿದ್ದರೆ ಅದನ್ನು ಕಂಡುಹಿಡಿಯುವುದು ಇನ್ನೂ ಕಷ್ಟ.

ಈ ವೃತ್ತಿಗೆ ಬರಲಿಚ್ಛಿಸುವ ತರುಣರಿಗೆ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, ಕನ್ನಡ ಅಧ್ಯಯನ ಸಂಸ್ಥೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗ, ಜೈನ ಮಠಗಳಿಗೆ ಸೇರಿದ ಸಂಶೋಧನ ಸಂಸ್ಥೆಗಳು ಸ್ವಾಭಾವಿಕ ಕ್ಷೇತ್ರಗಳು. ಗ್ರಂಥಾಲಯ ವಿಜ್ಞಾನದ ಪದವಿಯೊಡನೆ ಹಳಗನ್ನಡ, ಗ್ರಂಥ, ನಂದಿನಾಗರಿ ಲಿಪಿಗಳಲ್ಲಿ ಎರಡನ್ನಾದರೂ ಕಲಿತು, ಪ್ರಾಕೃತದಲ್ಲಿ ಪ್ರವೇಶ ಪಡೆದವನಿಗೆ ಪ್ರತಿಸ್ಪರ್ಧಿಗಳು ಕಡಮೆ. ಕಡಮೆಯಿರುವುದು ಹುದ್ದೆಗಳು ಕೂಡ. ಯೋಜನೆಯ ಹುದ್ದೆ ಯೋಜನೆಯ ಅವಧಿಯಷ್ಟೆ. ಲಿಪಿಯು ಕೆಲವು ವಾರಗಳ ಶಿಬಿರದಲ್ಲಿ ಪರಿಚಯವಾಗಬಹುದೇ ಹೊರತು, ಕೈಬರಹದ ಭೇದಗಳು, ಲಿಪಿಕಾರರ ಸ್ಖಲನಗಳು, ಹುಳು ತಿಂದ ಎಡೆಯ ಅಕ್ಷರದ ಊಹೆ ಇವು ಕೈವಶವಾಗಲು ವರ್ಷಗಳು ಬೇಕು. ಅಷ್ಟರಲ್ಲಿ ಆತನು ಅವಧಿ ಮುಗಿದು ಬೇರೆ ಉದ್ಯೋಗಕ್ಕೆ ತೆರಳಿರುತ್ತಾನೆ. ಬಸದಿಯ ಜೀರ್ಣೋದ್ಧಾರಕ್ಕೂ ಪಂಚಕಲ್ಯಾಣಕ್ಕೂ ನಿಧಿ ಕೂಡಿಸುವ ಸಮಾಜವು, ಪ್ರತಿಯೊಂದು ಪ್ರಮುಖ ಭಂಡಾರಕ್ಕೂ ಒಬ್ಬ ಲಿಪಿಜ್ಞ ಪಾಲಕನ ವೇತನಕ್ಕಾಗಿ ಶಾಶ್ವತ ನಿಧಿಯೊಂದನ್ನು ಇರಿಸಿದಲ್ಲಿ ಅದೂ ಶಾಸ್ತ್ರದಾನದ ಲೆಕ್ಕಕ್ಕೇ ಸೇರತಕ್ಕದ್ದು. ಮಲ್ಲಿಕಬ್ಬೆಯ ನೋಂಪಿಯಲ್ಲಿ ಬರೆಯುವವನ ಪಾಲು ಸೇರಿಯೇ ಇತ್ತು.