'ಶೇಮ್' ಅಂದರೆ ನಾಚಿಕೆಯೇ?

ಎದುರುಮನೆಯ ಮೂರು ವರ್ಷದ ಪೋರ ಬಚ್ಚಲಿನಿಂದ ಹಾಗೇ ಬೀದಿಗೆ ಓಡಿಬಂದರೆ, ಅವನ ತಾಯಿ ಟವೆಲ್ಲು ಹಿಡಿದು ಹಿಂದೆ ಓಡುತ್ತ 'ಶೇಮ್ ಶೇಮ್' ಎಂದು ಕೂಗುತ್ತಾಳೆ. ವಿಧಾನಸಭೆಯಲ್ಲಿ ವಿರೋಧಪಕ್ಷದವರು ಮಂತ್ರಿಗಳನ್ನು ನೋಡಿ ಕೂಗುವುದೂ ಇದನ್ನೇ. ಮೂವತ್ತು ವರ್ಷ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿದವಳು ನಾನು. ಆದರೂ ಈ ಒಂದು ಶಬ್ದದ ಅರ್ಥವನ್ನು ನನ್ನ ಹುಡುಗಿಯರಿಗೆ ಸರಿಯಾಗಿ ಹೇಳಿದೆನೆಂಬ ಧೈರ್ಯ ನನಗಿಲ್ಲ.

'ನಾಚಿಕೆ' ಎಂದು ಬರೆಸುತ್ತಿದ್ದೆ. ಆದರೆ ಹೊಸ ಮದುಮಗಳು ತಲೆ ಬಗ್ಗಿಸಿ ನಕ್ಕರೆ ಅದು ನಮಗೆ ನಾಚಿಕೆ. ಇಂದಿನ ಇಂಗ್ಲಿಷಿನಲ್ಲಿ ಅದಕ್ಕೆ 'ಶೇಮ್' ಎನ್ನುವುದಿಲ್ಲ. ಕದ್ದು ಸಿಕ್ಕಿಬಿದ್ದವನು ತಲೆ ಬಗ್ಗಿಸಿದರೆ ಅದು 'ಶೇಮ್'. ನಮಗೆ ಲಜ್ಜೆ, ಸಂಕೋಚ, ಅವಮಾನ, ಮಾನಗೇಡು ಎಂದು ಬೇರೆ ಬೇರೆ ಡಬ್ಬಿಗಳಿವೆ. ಜರ್ಮನ್ ಭಾಷೆಯಲ್ಲೂ ಒಳಗಿನ ಲಜ್ಜೆಗೆ ಒಂದು ಮಾತು, ಲೋಕದೆದುರಿನ ಅವಮಾನಕ್ಕೆ ಇನ್ನೊಂದು. ಇಂಗ್ಲಿಷಿನವರು ಬಹುಕಾಲ ಎರಡನ್ನೂ ಒಂದೇ ಡಬ್ಬಿಯಲ್ಲಿ ತುಂಬಿಟ್ಟರು. ಅಷ್ಟೇ ಅಲ್ಲ, ಹಳೆಯ ಇಂಗ್ಲಿಷ್ ಬೈಬಲ್ಲಿನಲ್ಲಿ ಮೈಯಲ್ಲಿ ಮುಚ್ಚಿಕೊಳ್ಳಬೇಕಾದ ಭಾಗಕ್ಕೂ ಇದೇ ಹೆಸರು. ನಾವೋ, 'ಮಾನ ಮುಚ್ಚಲು ಒಂದು ಅರಿವೆ' ಎನ್ನುವವರು. ಅವರು ಅವಮಾನವೆಂದು ಕರೆದ ಜಾಗಕ್ಕೇ ನಾವು ಮಾನವೆಂದಿದ್ದೇವೆ!

ಹಿಂದೆ ಅವರಲ್ಲಿ 'ಶೇಮ್‌ಫಾಸ್ಟ್' ಎಂಬ ಮಾತಿತ್ತು. 'ಫಾಸ್ಟ್' ಅಂದರೆ ಇಲ್ಲಿ ವೇಗವಲ್ಲ, ಬಿಗಿಯಾಗಿ ನೆಟ್ಟದ್ದು. ಲಜ್ಜೆಯಲ್ಲಿ ನೆಲೆನಿಂತವಳು ಎಂದು ಅರ್ಥ, ಅದು ಹೊಗಳಿಕೆ. 1611ರ ಬೈಬಲ್ಲಿನಲ್ಲಿ, ತಿಮೊಥೆಯನಿಗೆ ಬರೆದ ಪತ್ರದಲ್ಲಿ, ಹೆಂಗಸರು ಹೆಣೆದ ಜಡೆ, ಚಿನ್ನ, ಮುತ್ತುಗಳ ಬದಲು ಈ ಗುಣದಿಂದ ಸಿಂಗರಿಸಿಕೊಳ್ಳಲಿ ಎಂಬ ಉಪದೇಶವಿದೆ. ಗಂಡಸರ ಉಡುಗೆಯ ಸುದ್ದಿ ಅಲ್ಲಿ ಬರುವುದಿಲ್ಲ, ಬಿಡಿ. ಕಾಲ ಕಳೆದಂತೆ ಜನ 'ಫಾಸ್ಟ್' ಎಂಬುದನ್ನು ಮರೆತು 'ಫೇಸ್' ಎಂದು ತಿಳಿದು 'ಶೇಮ್‌ಫೇಸ್ಡ್' ಎಂದರು. ಮುಂದಿನ ಮುದ್ರಣಗಳಲ್ಲಿ ಬೈಬಲ್ಲಿನ ಅಕ್ಷರವೂ ಹಾಗೇ ಬದಲಾಯಿತು. ಒಳಗೆ ಬೇರೂರಿದ್ದ ಗುಣ ಮುಖದ ಮೇಲೆ ಬಂದು ಕೂತಿತು, ನಾಲ್ಕು ಜನ ನೋಡಿ ಅಳೆಯುವ ವಸ್ತುವಾಯಿತು.

ಆ ನಾಲ್ಕು ಜನರ ಕಥೆಯೇ ನಥಾನಿಯೆಲ್ ಹಾಥಾರ್ನನ 'ದಿ ಸ್ಕಾರ್ಲೆಟ್ ಲೆಟರ್'. ಅಮೆರಿಕದಲ್ಲಿ 1850ರಲ್ಲಿ ಪ್ರಕಟವಾದ ಈ ಕಾದಂಬರಿ ನಡೆಯುವುದು ಅದಕ್ಕೂ ಇನ್ನೂರು ವರ್ಷ ಹಿಂದಿನ ಬಾಸ್ಟನ್ನಿನಲ್ಲಿ. ಗಂಡ ದೂರವಿರುವಾಗ ಮಗು ಹೆತ್ತ ಹೆಸ್ಟರ್ ಪ್ರಿನ್, ಮೂರು ತಿಂಗಳ ಕೂಸನ್ನೆತ್ತಿಕೊಂಡು ಸೆರೆಮನೆಯಿಂದ ಹೊರಬಂದು, ಊರೆದುರು ಕಟ್ಟೆಯ ಮೇಲೆ ನಿಲ್ಲಬೇಕು. ಎದೆಯ ಮೇಲೆ 'ಎ' ಎಂಬ ಕೆಂಪಕ್ಷರ. ಮಗುವಿನ ತಂದೆಯ ಹೆಸರನ್ನು ಆಕೆ ಹೇಳುವುದಿಲ್ಲ. ಆತ ಅದೇ ಊರಿನ ಪೂಜ್ಯ ಪಾದ್ರಿ. ಏಳು ವರ್ಷ ಸುಮ್ಮನಿರುತ್ತಾನೆ. ಇದು ಬರೀ ಕಲ್ಪನೆಯಲ್ಲ. ಮ್ಯಾಸಚೂಸೆಟ್ಸಿನಲ್ಲಿ 1694ರ ಕಾಯಿದೆ ಎರಡಿಂಚು ಉದ್ದದ 'ಎ' ಅಕ್ಷರವನ್ನು, ಬಟ್ಟೆಗಿಂತ ಬೇರೆ ಬಣ್ಣದಲ್ಲಿ ಕತ್ತರಿಸಿ ಹೊಲಿದುಕೊಳ್ಳಬೇಕೆಂದು ವಿಧಿಸಿತ್ತು. ಕಾಯಿದೆಯ ಪ್ರಕಾರ ಗಂಡಿಗೂ ಹೆಣ್ಣಿಗೂ ಅದೇ ಶಿಕ್ಷೆ. ಕಾದಂಬರಿಯಲ್ಲಿ ಅಕ್ಷರ ಕಾಣುವುದು ಹೆಣ್ಣಿನ ಎದೆಯ ಮೇಲೆ.

1974ರಲ್ಲಿ, ಧಾರವಾಡದಲ್ಲಿ ಬಿ.ಎ. ಓದುತ್ತಿದ್ದಾಗ, ಈ ಕಥೆಯನ್ನು ನಮ್ಮ ಅತ್ತಿಗೆ, ಅಂದರೆ ಅಪ್ಪನ ತಂಗಿಗೆ, ಹೇಳಿದ್ದೆ. ಅತ್ತಿ ಗಂಡನ ಮನೆ ಬಿಟ್ಟು ತಾನಾಗಿಯೇ ಬಂದವಳು. ಯಾಕೆ ಬಂದಳೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ. 'ನಾಚಿಕಿಗೇಡಿ' ಎಂಬ ಮಾತು ಮಾತ್ರ ಓಣಿಯಿಂದ ಬರುತ್ತಿತ್ತು, ಒಮ್ಮೊಮ್ಮೆ ನಮ್ಮ ನಡುಮನೆಯಿಂದಲೂ. ಆಕೆ ಹಿತ್ತಲ ಕಟ್ಟೆಯ ಮೇಲೆ ಕೂತು ಕಸೂತಿ ಹಾಕುತ್ತಿದ್ದಳು. ಗಂಟಿಲ್ಲದ ಗವಂತಿ, ಮುರ್ಗಿ. ಒಳಮೈ ಯಾವುದು, ಹೊರಮೈ ಯಾವುದು ಗೊತ್ತಾಗಬಾರದು. ಕಥೆ ಕೇಳಿ, ಸೂಜಿ ನಿಲ್ಲಿಸದೆ ಕೇಳಿದಳು:

"ಅಲ್ಲ ತಂಗಿ, ಆ ಅಕ್ಷರಾ ಹೊಲಿದಾಕಿ ಯಾರು?"

"ಆಕೀನ ಅತ್ತಿ. ಬಂಗಾರದ ಎಳಿ ಹಾಕಿ, ಭಾಳ ಚೆಂದ ಹೊಲಕೊಂಡಿದ್ಲು."

"ಹಂಗಾರ ಅದು ಶಿಕ್ಷಾ ಅಲ್ಲ ಬಿಡವಾ, ಕಸಬು."

ನನ್ನ ಪ್ರಾಧ್ಯಾಪಕರು ನಾಲ್ಕು ಪುಟ ಬರೆಸಿದ ಟಿಪ್ಪಣಿಯಲ್ಲಿ ಇದು ಇರಲಿಲ್ಲ. ನಿಜಕ್ಕೂ ಹೆಸ್ಟರ್ ಮುಂದೆ ಸೂಜಿಯಿಂದಲೇ ಬದುಕುತ್ತಾಳೆ. ರಾಜ್ಯಪಾಲನ ಕೊರಳಪಟ್ಟಿ, ಕೂಸುಗಳ ಟೊಪ್ಪಿಗೆ, ಹೆಣಕ್ಕೆ ತೊಡಿಸುವ ಬಟ್ಟೆ, ಎಲ್ಲದಕ್ಕೂ ಊರವರಿಗೆ ಆಕೆಯ ಕೈಯೇ ಬೇಕು. ಮದುಮಗಳ ಬಿಳಿ ಮುಸುಕೊಂದನ್ನು ಮಾತ್ರ ಆಕೆಯ ಕೈಗೆ ಕೊಡುವುದಿಲ್ಲ.

ಈ ಶಬ್ದ ಒಮ್ಮೆ ನ್ಯಾಯಾಲಯವನ್ನೂ ಹತ್ತಿತು. ಲಂಡನ್ನಿನಲ್ಲಿ 1895ರ ಏಪ್ರಿಲ್‌ನಲ್ಲಿ, ನಾಟಕಕಾರ ಆಸ್ಕರ್ ವೈಲ್ಡ್ ಸಲಿಂಗ ಸಂಬಂಧದ ಆರೋಪದ ಮೇಲೆ ಕಟಕಟೆಯಲ್ಲಿ ನಿಂತಿದ್ದ. ಅವನ ಗೆಳೆಯ ಆಲ್ಫ್ರೆಡ್ ಡಗ್ಲಸ್ ಹಿಂದಿನ ವರ್ಷ ಪ್ರಕಟಿಸಿದ್ದ ಕವಿತೆಗಳಲ್ಲಿ 'ಶೇಮ್' ಎಂಬ ಮಾತು ಬರುತ್ತದೆ. ಅದರ ಅರ್ಥವೇನೆಂದು ಸರ್ಕಾರಿ ವಕೀಲ ಕೇಳಿದ. ಲಜ್ಜೆ ಎಂಬ ಅರ್ಥದಲ್ಲಿ ಬಳಸಿದ್ದೆಂದು ತನಗೆ ತಿಳಿಸಲಾಗಿದೆ ಎಂದ ವೈಲ್ಡ್. ಒಂದೇ ಡಬ್ಬಿಯಲ್ಲಿ ಎರಡು ಸಾಮಾನು ತುಂಬಿದ್ದರ ಫಲ ನೋಡಿ. ಮೇ 25ರಂದು ಎರಡು ವರ್ಷದ ಕಠಿಣ ಶಿಕ್ಷೆಯಾಯಿತು. ತೀರ್ಪು ಓದಿದಾಗ ಜನರ ನಡುವಿನಿಂದ 'ಶೇಮ್' ಎಂಬ ಕೂಗು ಎದ್ದಿತು. ಆ ಕೂಗು ಅಪರಾಧಿಯ ಕಡೆಗಲ್ಲ, ತೀರ್ಪಿನ ಕಡೆಗೆ.

ಸಲ್ಮಾನ್ ರಶ್ದಿ 1983ರಲ್ಲಿ ತನ್ನ ಕಾದಂಬರಿಗೆ 'ಶೇಮ್' ಎಂದೇ ಹೆಸರಿಟ್ಟ. ಇಟ್ಟಮೇಲೆ, ನಮ್ಮ 'ಶರಮ್' ಎಂಬುದಕ್ಕೆ ಇದು ಸಾಲದ ಅನುವಾದವೆಂದು ಕಥೆಯೊಳಗೇ ಗೊಣಗಿದ. ಪಾಠ ಹೇಳುವಾಗ ನನಗೂ ಅದೇ ಪೇಚಾಟ.

ಹಾಥಾರ್ನನ ಪುಸ್ತಕಕ್ಕೆ ಒಂದು ಉದ್ದನೆಯ ಪೀಠಿಕೆಯಿದೆ. ಪರೀಕ್ಷೆಗೆ ಬರುವುದಿಲ್ಲವೆಂದು ವಿದ್ಯಾರ್ಥಿಯಾಗಿದ್ದಾಗ ಬಿಟ್ಟಿದ್ದೆ. ಪಾಠ ಹೇಳುವ ಸರದಿ ಬಂದಾಗ ಓದಿದೆ. ಅವನ ಪೂರ್ವಜನೊಬ್ಬ ಕ್ವೇಕರ್ ಪಂಥದವರನ್ನು ಹಿಂಸಿಸಿದವನು. ಆ ಪೂರ್ವಜನ ಮಗ ಸೇಲಂ ಊರಿನಲ್ಲಿ 1692ರಲ್ಲಿ ಮಾಟಗಾತಿಯರೆಂದು ವಿಚಾರಣೆ ನಡೆಸಿದ ನ್ಯಾಯಾಧೀಶರಲ್ಲೊಬ್ಬ. ಅಲ್ಲಿ 19 ಮಂದಿಯನ್ನು ಗಲ್ಲಿಗೇರಿಸಿದರು, ಬಹುಪಾಲು ಹೆಂಗಸರು. ಆ ಹಿರಿಯರ ಪರವಾಗಿ 'ಶೇಮ್' ಅನ್ನು ತಾನು ಹೊರುತ್ತೇನೆ ಎಂದು ಹಾಥಾರ್ನ್ ಬರೆಯುತ್ತಾನೆ. ಕೆಂಪಕ್ಷರದ ಕಥೆ ಶುರುವಾಗುವ ಮೊದಲೇ ಆ ಶಬ್ದವನ್ನು ಹೆಣ್ಣಿನ ಎದೆಯಿಂದ ಬಿಚ್ಚಿ, ತೀರ್ಪು ಕೊಟ್ಟವರ ಮನೆತನಕ್ಕೆ ಹೊಲಿದಿದ್ದಾನೆ. ಆ ಪುಟ ಓದಿದ ದಿನ ನಾನು ತರಗತಿಗೆ ಹೋಗಲಿಲ್ಲ. ಅತ್ತಿ ತೀರಿಹೋಗಿ ಆಗ ಎರಡು ವರ್ಷವಾಗಿತ್ತು.

1978ರಲ್ಲಿ ನನ್ನ ಮದುವೆಗೆ ತಂದ ಕರಿಯ ಚಂದ್ರಕಾಳಿ ಸೀರೆಯ ಮೇಲೆ ಗೋಪುರ, ತೇರು, ತುಳಸಿಕಟ್ಟೆ ಹಾಕಿದವಳು ಅತ್ತಿಯೇ. ಐದು ತಿಂಗಳ ಕೆಲಸ. ಬಾಸ್ಟನ್ನಿನವರಂತೆ ನಮ್ಮವರು ಆಕೆಯ ಸೂಜಿಯನ್ನು ಬೇಡವೆನ್ನಲಿಲ್ಲ. ಆರತಿಯ ಹೊತ್ತಿಗೆ ಆಕೆ ಅಡಿಗೆಮನೆಯಲ್ಲಿದ್ದಳು. ಬಾಗಿಲು ತೆರೆದೇ ಇತ್ತು, ಹಸೆಮಣೆಯಿಂದ ನನಗೆ ಆಕೆಯ ಬೆನ್ನು ಕಾಣುತ್ತಿತ್ತು. ನಾನು ಕರೆಯಲಿಲ್ಲ.