ವೆನ್ ಬಳಿದ ಮಸಿ

ಇಂಜಿನಿಯರಿಂಗ್ ಓದುವಾಗ ಟ್ರೂತ್ ಟೇಬಲ್‌ನ ಒಂದು ವಿಷಯ ನನ್ನ ತಲೆಗೆ ಹತ್ತಲೇ ಇಲ್ಲ. 'ಮಳೆ ಬಂದರೆ ಅಂಗಳ ಒದ್ದೆ' ಅನ್ನೋ ಮಾತು ಮಳೆಯೇ ಬಾರದ ದಿನವೂ ನಿಜವಂತೆ! ಬಾಯಿಪಾಠ ಮಾಡಿ ಪಾಸಾದೆ, ಅಷ್ಟೇ. ಈಚೆಗೆ ವೆನ್ ಚಿತ್ರಗಳ ಇತಿಹಾಸ ಓದುವಾಗ ಆ ಗಂಟು ಬಿಚ್ಚಿಕೊಂಡಿತು.

ತರ್ಕಕ್ಕೆ ವೃತ್ತ ಬರೆದವರಲ್ಲಿ ಜಾನ್ ವೆನ್ (1834-1923) ಮೊದಲಿಗನೇನಲ್ಲ. ಗಣಿತಜ್ಞ ಆಯ್ಲರ್ 1760-62ರಲ್ಲಿ ಜರ್ಮನ್ ರಾಜಕುಮಾರಿಯೊಬ್ಬಳಿಗೆ ಬರೆದ ಪತ್ರಗಳಲ್ಲೇ ವೃತ್ತಗಳಿವೆ. 'ಕಾಗೆಗಳೆಲ್ಲ ಹಕ್ಕಿಗಳು' ಅನ್ನಬೇಕಾದರೆ ಕಾಗೆಯ ವೃತ್ತವನ್ನು ಹಕ್ಕಿಯ ವೃತ್ತದೊಳಗೆ ಬರೆದರಾಯಿತು. ಆದರೆ ಎರಡು ಗುಂಪುಗಳ ಸಂಬಂಧ ಪೂರ್ತಿ ಗೊತ್ತಿಲ್ಲದಿದ್ದರೆ? ವೃತ್ತಗಳನ್ನು ಎಲ್ಲಿಡೋದು ಅನ್ನೋದೇ ತಿಳಿಯೋದಿಲ್ಲ.

ಕೇಂಬ್ರಿಜ್‌ನ ವೆನ್ 1880ರ ಲೇಖನವೊಂದರಲ್ಲಿ ಈ ಕ್ರಮವನ್ನೇ ತಿರುಗಿಸಿಟ್ಟ. ಮೊದಲು ಎಲ್ಲ ಸಾಧ್ಯತೆಗಳಿಗೂ ಜಾಗ ಮಾಡಿಕೊಡು. ಆಮೇಲೆ ಹೇಳಿಕೆ ಯಾವುದನ್ನು ಅಲ್ಲಗಳೆಯುತ್ತದೋ ಅಲ್ಲಿಗೆ ಮಾತ್ರ ಮಸಿ ಬಳಿ. ಒಂದನ್ನೊಂದು ಹಾಯುವ ಎರಡು ವೃತ್ತ ಬರೆದರೆ ನಾಲ್ಕು ಜಾಗ ಸಿಗುತ್ತವೆ: ಎರಡರೊಳಗೂ, ಮೊದಲನೆಯದರಲ್ಲಿ ಮಾತ್ರ, ಎರಡನೆಯದರಲ್ಲಿ ಮಾತ್ರ, ಎರಡರ ಹೊರಗೂ. ಟ್ರೂತ್ ಟೇಬಲ್‌ನ ನಾಲ್ಕು ಸಾಲುಗಳೂ ಇವೇ ಅಲ್ವಾ!

'ಅಂಡ್' ಅಂದರೆ ನಡುವಿನ ಜಾಗ ಬಿಟ್ಟು ಮೂರಕ್ಕೂ ಮಸಿ. 'ಆರ್' ಅಂದರೆ ಎರಡರ ಹೊರಗಿನ ಜಾಗಕ್ಕಷ್ಟೇ ಮಸಿ. ಅಂದಹಾಗೆ, ವೆನ್ ಈ ಹೊರಗಿನ ಜಾಗಕ್ಕೆ ಬೇಲಿ ಹಾಕಿರಲಿಲ್ಲ. 1886ರಲ್ಲಿ ತನ್ನದೇ ಚಿತ್ರಗಳನ್ನು ಪ್ರಕಟಿಸಿದ ಲೂಯಿಸ್ ಕ್ಯಾರಲ್ ಎಲ್ಲವನ್ನೂ ಒಂದು ಚೌಕದೊಳಗೆ ತಂದ. ಹೌದು, ಆಲಿಸ್ ಕಥೆ ಬರೆದವನೇ!

ಈಗ ನನ್ನ ಮಳೆಗೆ ಬರೋಣ. ಒಂದು ವೃತ್ತ ಮಳೆ ಬಂದ ದಿನಗಳದ್ದು, ಇನ್ನೊಂದು ಅಂಗಳ ಒದ್ದೆಯಾದ ದಿನಗಳದ್ದು. 'ಮಳೆ ಬಂದರೆ ಅಂಗಳ ಒದ್ದೆ' ಅನ್ನೋ ಮಾತು ಮಸಿ ಬಳಿಯೋದು ಒಂದೇ ಜಾಗಕ್ಕೆ: ಮಳೆ ಬಂದೂ ಅಂಗಳ ಒಣಗಿರುವ ದಿನಕ್ಕೆ. ಮಳೆಯಿಲ್ಲದ ದಿನದ ಬಗ್ಗೆ ಅದು ಚಕಾರ ಎತ್ತೋದಿಲ್ಲ. ಅಮ್ಮ ರಂಗೋಲಿ ಹಾಕೋಕೆ ನೀರು ಚಿಮುಕಿಸಿರಬಹುದು, ಚಿಮುಕಿಸದೆಯೂ ಇರಬಹುದು. ಆ ದಿನ ಮಸಿಯ ಜಾಗಕ್ಕೆ ಬೀಳೋದೇ ಇಲ್ಲ, ಹಾಗಾಗಿ ಮಾತು ಸುಳ್ಳಾಗೋದಿಲ್ಲ.

ವೆನ್ ಇದ್ದ ಗಾನ್ವಿಲ್ ಅಂಡ್ ಕೀಸ್ ಕಾಲೇಜಿನ ಊಟದ ಹಾಲ್‌ನಲ್ಲಿ ಅವನ ನೆನಪಿಗೆ ಮೂರು ವೃತ್ತಗಳ ಬಣ್ಣದ ಗಾಜಿನ ಕಿಟಕಿಯಿದೆಯಂತೆ. ಚೆಂದವೇ ಇರಬೇಕು. ಆದರೆ ನನಗೆ ದಾರಿ ತೋರಿಸಿದ್ದು ಆ ಬಣ್ಣವಲ್ಲ, ಅವನ ಮಸಿ. ಒಂದು ಮಾತು ಏನು ಹೇಳುತ್ತೆ ಅಂತ ತಿಳಿಯಬೇಕಾದರೆ, ಅದು ಏನನ್ನು ಅಲ್ಲಗಳೆಯುತ್ತೆ ಅಂತ ಮೊದಲು ಕೇಳಬೇಕು. ಅಂದು ಬೋರ್ಡಿನ ಮೇಲೆ ಯಾರಾದರೂ ಎರಡು ವೃತ್ತ ಬರೆದಿದ್ದರೆ ನನ್ನ ಬಾಯಿಪಾಠ ತಪ್ಪುತ್ತಿತ್ತು!