ಪುಕ್ಕಟೆ ಅಂಕಿ, ದುಡ್ಡಿನ ಅಂಕಿ: ಕೀವರ್ಡ್ ಟೂಲ್‌ಗಳು ನಡೆದುಬಂದ ದಾರಿ

ಜನ ಗೂಗಲ್‌ನಲ್ಲಿ ಯಾವ ಪದ ಹಾಕಿ ಹುಡುಕುತ್ತಾರೆ ಅಂತ ಹೇಳುವ ಸಾಧನಗಳಿಗೆ ಕೀವರ್ಡ್ ಟೂಲ್ ಅನ್ನುತ್ತಾರೆ. ಊರಲ್ಲಿ ಯೂಟ್ಯೂಬ್ ಚಾನೆಲ್ಲೋ ಸುದ್ದಿ ತಾಣವೋ ಶುರು ಮಾಡಿದ ಹುಡುಗರು ನಮ್ಮನ್ನು ಮೊದಲು ಕೇಳುವುದು ಇದನ್ನೇ: ಫ್ರೀ ಟೂಲ್ ಸಾಕಾ, ದುಡ್ಡು ಕೊಟ್ಟು ತಗೋಬೇಕಾ? ಉತ್ತರಕ್ಕೆ ಮೊದಲು ಈ ಅಂಕಿಗಳು ಎಲ್ಲಿಂದ ಬರುತ್ತವೆ ಅಂತ ನೋಡಬೇಕು.

1998ರಲ್ಲಿ ಅಮೆರಿಕದ ಬಿಲ್ ಗ್ರಾಸ್ ಗೋಟು ಡಾಟ್ ಕಾಮ್ ಎಂಬ ಹುಡುಕು ತಾಣದಲ್ಲಿ ಪದಗಳನ್ನು ಹರಾಜಿಗಿಟ್ಟರು. ನಮ್ಮ ಎಪಿಎಂಸಿ ಹರಾಜಿನ ಹಾಗೆಯೇ. ಹೆಚ್ಚು ಕೂಗಿದವರ ಜಾಹೀರಾತು ಮೇಲೆ, ಒಂದೊಂದು ಕ್ಲಿಕ್ಕಿಗೂ ದುಡ್ಡು. ಕೂಗುವವರಿಗೆ ಪದದ ಬೆಲೆ ತಿಳಿಯಬೇಕಲ್ಲ? ಅದಕ್ಕೆ ಆ ಕಂಪನಿ, ಮುಂದೆ ಓವರ್ಚರ್ ಅಂತ ಹೆಸರಾದದ್ದು, ಯಾವ ಪದವನ್ನು ತಿಂಗಳಿಗೆ ಎಷ್ಟು ಸಲ ಹುಡುಕಿದರು ಅಂತ ಪುಕ್ಕಟೆ ತೋರಿಸಿತು. ಅದು ದಾನವಲ್ಲ, ಸಂತೆಯಲ್ಲಿ ರುಚಿ ನೋಡಲು ಕೊಡುವ ಹಣ್ಣಿನ ಹೋಳು. 2003ರಲ್ಲಿ ಯಾಹೂ ಅದನ್ನು ಕೊಂಡಿತು, ಕೆಲವು ವರ್ಷಗಳಲ್ಲಿ ಆ ಪುಕ್ಕಟೆ ಟೂಲ್ ನಿಂತಿತು. ಅದೇ ಕಾಲದಲ್ಲಿ ವರ್ಡ್‌ಟ್ರ್ಯಾಕರ್ ಎಂಬುದು ಡಾಗ್‌ಪೈಲ್‌ನಂಥ ಚಿಕ್ಕ ತಾಣಗಳ ಅಂಕಿ ತಂದು ಚಂದಾ ಕಟ್ಟಿಸಿಕೊಂಡು ಮಾರುತ್ತಿತ್ತು. ಅಂದರೆ ಫ್ರೀ ಮತ್ತು ದುಡ್ಡಿನದು ಹೆಚ್ಚು ಕಡಿಮೆ ಜೊತೆಗೇ ಹುಟ್ಟಿದವು.

ಗೂಗಲ್ ದೊಡ್ಡದಾದ ಮೇಲೆ ಬೀಗ ಒಂದೊಂದಾಗಿ ಬಿತ್ತು. 2011ರ ಅಕ್ಟೋಬರಿನಿಂದ ಓದುಗ ಯಾವ ಪದ ಹುಡುಕಿ ನಿಮ್ಮ ತಾಣಕ್ಕೆ ಬಂದ ಎಂಬುದನ್ನು ಮರೆಮಾಡಲು ಶುರು ಮಾಡಿತು, 2013ಕ್ಕೆ ಹೆಚ್ಚುಕಡಿಮೆ ಪೂರ್ತಿ ಮರೆ. ಅದೇ ವರ್ಷ ಎಲ್ಲರಿಗೂ ತೆರೆದಿದ್ದ ಕೀವರ್ಡ್ ಟೂಲ್ ಹೋಗಿ ಕೀವರ್ಡ್ ಪ್ಲಾನರ್ ಬಂತು, ಅದಕ್ಕೆ ಜಾಹೀರಾತು ಖಾತೆ ಬೇಕು. 2016ರಿಂದ ಜಾಹೀರಾತಿಗೆ ಹೆಚ್ಚು ಖರ್ಚು ಮಾಡದವರಿಗೆ ಸರಿಯಾದ ಅಂಕಿಯೂ ಇಲ್ಲ. ‘1,000ದಿಂದ 10,000’ ಅಂತ ತೋರಿಸುತ್ತದೆ. ಇಷ್ಟು ಅಗಲದ ಅಂದಾಜನ್ನು ನಮ್ಮೂರ ಅಡಿಕೆ ವ್ಯಾಪಾರಿಗೆ ಹೇಳಿದರೆ ನಕ್ಕುಬಿಟ್ಟಾನು.

ಆ ಸಂದಿಯಲ್ಲಿ ಸೆಮ್‌ರಶ್, ಎಹ್‌ರೆಫ್ಸ್‌ನಂಥ ಚಂದಾ ಟೂಲ್‌ಗಳು ಬೆಳೆದವು. ಕೆಲವುದರ ಚಂದಾ ತಿಂಗಳಿಗೆ 100 ಡಾಲರ್ ದಾಟುತ್ತದೆ. ಕೀವರ್ಡ್ಸ್ ಎವೆರಿವೇರ್ ಫ್ರೀ ಇದ್ದದ್ದು 2019ರಲ್ಲಿ ದುಡ್ಡಿನದಾಯಿತು.

ಗೂಗಲ್ ಮುಚ್ಚಿಟ್ಟದ್ದು ಹೊರಗಿನವರಿಗೆ ಹೇಗೆ ಗೊತ್ತಾಗುತ್ತದೆ? ಒಂದು ದಾರಿ, ಜನ ಒತ್ತುವ ಕ್ಲಿಕ್ಕುಗಳ ದಾಖಲೆ ಕೊಳ್ಳುವುದು, ಅದರಿಂದ ಅಂದಾಜು ಕಟ್ಟುವುದು. ಈ ದಾಖಲೆಯ ವ್ಯಾಪಾರ ಎಂಥದು ಅಂತ 2020ರ ಜನವರಿಯಲ್ಲಿ ಬಯಲಾಯಿತು. ಅವಾಸ್ಟ್ ಎಂಬ ಆಂಟಿವೈರಸ್ಸನ್ನು ಕೋಟ್ಯಂತರ ಜನ ಪುಕ್ಕಟೆ ಅಂತ ಹಾಕಿಕೊಂಡಿದ್ದರು. ಅವರ ಬ್ರೌಸಿಂಗ್ ವಿವರವನ್ನು ಅದರದೇ ಅಂಗಸಂಸ್ಥೆ ಜಂಪ್‌ಶಾಟ್ ಕಂಪನಿಗಳಿಗೆ ಮಾರುತ್ತಿತ್ತು. ಪತ್ರಕರ್ತರು ಬಯಲು ಮಾಡಿದ ಕೆಲವೇ ದಿನಕ್ಕೆ ಜಂಪ್‌ಶಾಟ್ ಬಾಗಿಲು ಹಾಕಿತು. 2024ರಲ್ಲಿ ಅಮೆರಿಕದ ವ್ಯಾಪಾರ ಆಯೋಗ ಅವಾಸ್ಟ್‌ಗೆ 1.65 ಕೋಟಿ ಡಾಲರ್ ಕಟ್ಟಲು ಹೇಳಿತು. ಒಬ್ಬರ ಪುಕ್ಕಟೆಯ ಸರಕು ಇನ್ನೊಬ್ಬರ ದುಡ್ಡಿನ ಸರಕಾಗುವುದು ಹೀಗೆ. ರೋಗ, ಸಾಲ, ಮದುವೆ ಅಂತ ಮೊಬೈಲಿನಲ್ಲಿ ಗುಟ್ಟಾಗಿ ಹುಡುಕುವ ನಮಗೂ ಇದು ದೂರದ ಮಾತಲ್ಲ.

ಇನ್ನು ಕನ್ನಡದ ಲೆಕ್ಕ. ಒಬ್ಬ ‘ಎಲೆಚುಕ್ಕಿ ರೋಗಕ್ಕೆ ಔಷಧಿ’ ಅಂತ ಕನ್ನಡದಲ್ಲಿ ಬರೆಯುತ್ತಾನೆ, ಇನ್ನೊಬ್ಬ ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ, ಮತ್ತೊಬ್ಬಳು ಮೈಕ್ ಒತ್ತಿ ಮಾತಾಡುತ್ತಾಳೆ. ಕಾಗುಣಿತವೂ ಹತ್ತು ಬಗೆ. ಚೂರುಚೂರಾದ ಇಂಥ ಸಣ್ಣ ಲೆಕ್ಕದಲ್ಲಿ ಅಂದಾಜು ಬೇಗ ಕೆಡುತ್ತದೆ. ಟೂಲ್ ಸೊನ್ನೆ ತೋರಿಸಿದರೆ ಯಾರೂ ಕೇಳುತ್ತಿಲ್ಲ ಅಂತಲ್ಲ.

ಹಾಗಾಗಿ ಕನ್ನಡದಲ್ಲಿ ಬರೆಯುವವರು ಆ ಚಂದಾ ಕಟ್ಟುವುದು ಬೇಡ ಅನ್ನುವುದು ನಮ್ಮ ಅಭಿಪ್ರಾಯ. ಅಂಗಡಿ ಸರಕನ್ನು ಇಂಗ್ಲಿಷಿನಲ್ಲಿ ಹೊರದೇಶಕ್ಕೆ ಮಾರುವವರ ವಿಷಯ ಬೇರೆ, ಅವರಿಗೆ ಒಂದೆರಡು ತಿಂಗಳ ಚಂದಾ ಗಿಟ್ಟಬಹುದು. ಉಳಿದವರಿಗೆ ಗೂಗಲ್ ಸರ್ಚ್ ಕನ್ಸೋಲ್ ಇದೆ, ಪುಕ್ಕಟೆ: ಯಾವ ಪದಕ್ಕೆ ನಿಮ್ಮ ಪುಟ ಕಂಡಿತು ಅಂತ ಅಂದಾಜಲ್ಲದ ಲೆಕ್ಕವನ್ನೇ ಕೊಡುತ್ತದೆ. ಆದರೆ ವಿರಳ ಪದಗಳನ್ನು ಬಿಡುತ್ತದೆ. 2006ರಲ್ಲಿ ಬಂದ ಗೂಗಲ್ ಟ್ರೆಂಡ್ಸ್‌ನಲ್ಲಿ ಯಾವ ತಿಂಗಳು ಯಾವ ಪದ ಏರುತ್ತದೆ ನೋಡಬಹುದು, ಆದರೆ ಅದರ 100 ಅಂದರೆ ನೂರು ಜನ ಅಲ್ಲ, ಆ ಅವಧಿಯ ಅತಿ ಎತ್ತರ. ಇದರ ಜೊತೆಗೆ ಹಾಲಿನ ಡೈರಿ, ಗೊಬ್ಬರದಂಗಡಿ ಮುಂದೆ ಜನ ಕೇಳುವ ಪ್ರಶ್ನೆಗಳನ್ನು ಅವರ ಮಾತಲ್ಲೇ ಬರೆದಿಟ್ಟುಕೊಳ್ಳಿ. ಆ ಪಟ್ಟಿಯನ್ನು ಯಾವ ಕಂಪನಿಯೂ ಇನ್ನೂ ಮಾರುತ್ತಿಲ್ಲ.